ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಯಾರ ಎದೆಗೆ ಎಷ್ಟು ಹೊಗೆ?

[ಪರದೆ: ಕೆಂಪು ಸಿಗ್ನಲ್. ಸ್ಕೂಟರ್ ಮುಂದೆ ಡೀಸೆಲ್ ಬಸ್ಸಿನ ಸೈಲೆನ್ಸರ್.]

ಬೆಳಿಗ್ಗೆ ಫೋನ್ ತೆಗೆದ್ರೆ ಎಕ್ಯೂಐ, ಅಂದ್ರೆ ಗಾಳಿ ಗುಣಮಟ್ಟದ ಸೂಚ್ಯಂಕ, ‘ಪರವಾಗಿಲ್ಲ’ ಅನ್ನುತ್ತೆ. ಸಿಲ್ಕ್ ಬೋರ್ಡ್ ತಲುಪಿದ್ರೆ ಮೂಗಿಗೆ ಡೀಸೆಲ್ ಘಾಟು. ಸುಳ್ಳು ಹೇಳ್ತಿರೋದು ಫೋನಾ, ಮೂಗಾ? ಎರಡೂ ಅಲ್ಲ. ಎಕ್ಯೂಐನಲ್ಲಿ ಧೂಳಿನ ಕಣದ ಲೆಕ್ಕ 24 ಗಂಟೆಯ ಸರಾಸರಿ, ಅದೂ ಮಾಪನ ಕೇಂದ್ರ ಇರೋ ಜಾಗದ್ದು. ನಿಮ್ಮ ಮೂಗು ಇರೋದು ಸೈಲೆನ್ಸರ್‌ನಿಂದ ಎರಡು ಮೀಟರ್ ದೂರದಲ್ಲಿ.

ಬೇಸಿಕ್ಸ್ ಬೇಗ ಮುಗಿಸೋಣ. ಗಾಳಿಯಲ್ಲಿ ಎಷ್ಟು ಕಣ ಇದೆ, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎಳೀತೀರಿ, ಎಷ್ಟು ನಿಮಿಷ ಇರ್ತೀರಿ. ಮೂರನ್ನೂ ಗುಣಿಸಿದ್ರೆ ಎದೆಗೆ ಹೋದ ಕಣದ ಲೆಕ್ಕ (1000 ಲೀಟರ್ ಅಂದ್ರೆ 1 ಘನ ಮೀಟರ್). ಮಾಡೆಲ್ ಇಷ್ಟೇ, ಉಳಿದದ್ದೆಲ್ಲ ಆ ಅಂಕಿಗಳನ್ನ ಎಲ್ಲಿಂದ ತರೋದು ಅನ್ನೋ ಜಗಳ.

[ಪರದೆ: ಸ್ಕೂಟರ್, ಸೈಕಲ್, ಕಾರು]

ಉದಾಹರಣೆಗೆ ಅಂತ ಅಂಕಿ ಇಟ್ಕೊಳ್ಳೋಣ, ಮೂವರಿಗೂ 45 ನಿಮಿಷ. ಸ್ಕೂಟರ್‌ನವರ ಸುತ್ತ ಘನ ಮೀಟರ್‌ಗೆ 100 ಮೈಕ್ರೋಗ್ರಾಂ ಪಿಎಂ 2.5 (2.5 ಮೈಕ್ರಾನ್‌ ಅಥವಾ ಅದಕ್ಕಿಂತ ಸಣ್ಣ ಕಣ; ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದ ಒಂದು ಪಾಲು), ಉಸಿರು ನಿಮಿಷಕ್ಕೆ 10 ಲೀಟರ್: ಒಳಗೆ ಹೋಗಿದ್ದು 45 ಮೈಕ್ರೋಗ್ರಾಂ. ಸೈಕಲ್‌ನವರು ಜಾಣರು, ಒಳರಸ್ತೆ ಹಿಡಿದ್ರು, ಅಲ್ಲಿ 80. ಆದ್ರೆ ಪೆಡಲ್ ತುಳಿಯೋವಾಗ ಉಸಿರು 40 ಲೀಟರ್: 144! ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸೋ ಮೋಡ್‌ನಲ್ಲಿ ಕೂತ ಕಾರಿನವರಿಗೆ 30, ಉಸಿರು 8 ಲೀಟರ್: ಬರೀ 11. ಹೊಗೆ ಬಿಡೋರಿಗೆ ಕಡಿಮೆ, ಬಿಡದವರಿಗೆ ಜಾಸ್ತಿ. ನ್ಯಾಯ ಕೇಳ್ಬೇಡಿ, ಇದು ಗುಣಾಕಾರ.

ಈಗ ನನ್ನ ಇಷ್ಟದ ಭಾಗ: ಸಿಗ್ನಲ್. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಸಿಗ್ನಲ್ ವೃತ್ತಗಳಲ್ಲಿ ಕಳೆದದ್ದು ಪ್ರಯಾಣದ ಸುಮಾರು 2% ಸಮಯ. ಅತಿಸೂಕ್ಷ್ಮ ಕಣಗಳಿಗೆ ಒಡ್ಡಿಕೊಂಡದ್ದರಲ್ಲಿ ಅದರ ಪಾಲು ಸುಮಾರು 25%. ಬ್ರೇಕ್, ನಿಲುಗಡೆ, ಹಸಿರು ಬಿದ್ದ ಕೂಡ್ಲೆ ಎಲ್ಲರೂ ಒಟ್ಟಿಗೆ ಆಕ್ಸಿಲರೇಟರ್! ಎಂಜಿನ್ ಮೇಲೆ ಭಾರ ಬೀಳೋ ಆ ಕೆಲವೇ ಸೆಕೆಂಡಲ್ಲಿ ಹೊಗೆ ಉಕ್ಕುತ್ತೆ. ಇಡೀ ದಾರಿಗೆ ಒಂದೇ ಸರಾಸರಿ ಹಾಕಿದ್ರೆ ಈ ಉಕ್ಕು ಸಾರಿಗೆ ನೀರು ಬೆರೆಸಿದ ಹಾಗೆ ತೆಳುವಾಗಿ ಮಾಯ.

ಹಾಗಾಗಿ ಕಣ ಅಳೆಯೋ ಸೆನ್ಸರ್ ಹೊತ್ಕೊಂಡು ಹೋಗಿ ಸೆಕೆಂಡಿಗೊಂದು ರೀಡಿಂಗ್ ತಗೋಬೇಕು. ಎಡವೋದೂ ಇಲ್ಲೇ. ಸೆನ್ಸರ್ ಗಡಿಯಾರ ಜಿಪಿಎಸ್‌ಗಿಂತ 10 ಸೆಕೆಂಡ್ ಹಿಂದಿದ್ರೆ, 36 ಕಿಲೋಮೀಟರ್ ವೇಗದಲ್ಲಿ ಅದು 100 ಮೀಟರ್. ಸಿಗ್ನಲ್‌ನ ಹೊಗೆ ಮ್ಯಾಪ್‌ನಲ್ಲಿ ಪಾರ್ಕ್ ಮುಂದೆ ಬಂದು ಕೂರುತ್ತೆ! ಹೊರಡೋ ಮುಂಚೆ ಎರಡರ ಟೈಮೂ ಹೊಂದಿಸಿ. ಸೆನ್ಸರನ್ನ ನಿಮ್ಮ ಹೆಗಲ ಹತ್ರ, ಉಸಿರಾಡೋ ಎತ್ತರದಲ್ಲಿ ಕಟ್ಟಿ. ಗಾಳಿ ಎಳೆಯೋ ತೂತು ಎದುರುಗಾಳಿಗೆ ಮುಖ ಮಾಡಿರಬಾರದು.

[ಪರದೆ: ಟೈಮರ್ ಕೆಂಪಗೆ]

ಟೈಮ್ ಇಲ್ಲ, ಉಳಿದದ್ದು ಒಂದೇ ಉಸಿರಲ್ಲಿ. ಅಗ್ಗದ ಲೇಸರ್ ಸೆನ್ಸರ್‌ಗೆ 0.3 ಮೈಕ್ರಾನ್‌ಗಿಂತ ಸಣ್ಣ ಕಣ ಸರಿಯಾಗಿ ಕಾಣಲ್ಲ, ತಾಜಾ ಹೊಗೆಯ ಕಣಗಳ ಸಂಖ್ಯೆಯಲ್ಲಿ ಬಹುಪಾಲು ಅವೇ. ತೇವಾಂಶ 80% ದಾಟಿದ್ರೆ ಕಣ ನೀರು ಕುಡಿದು ಉಬ್ಬಿ ರೀಡಿಂಗ್ ಏರುತ್ತೆ. ಅಧಿಕೃತ ಮಾಪಕದ ಪಕ್ಕ ಎರಡು ವಾರ ಇಟ್ಟು ತಿದ್ದುಪಡಿ ಮಾಡ್ಕೊಳ್ಳಿ. ಅಳೆಯದೆ, ಹೊಗೆ ಹೇಗೆ ಹರಡುತ್ತೆ ಅಂತ ಲೆಕ್ಕದಲ್ಲೇ ಊಹಿಸೋ ಗೌಸಿಯನ್ ಮಾಡೆಲ್ ಅನ್ನೋ ಸೂತ್ರಗಳಲ್ಲಿ ಗಾಳಿಯ ವೇಗ ಛೇದದಲ್ಲಿ ಕೂತಿರುತ್ತೆ. ಗಾಳಿ ಸ್ತಬ್ಧವಾದ್ರೆ ಉತ್ತರ ಆಕಾಶಕ್ಕೇ, ಸೆಕೆಂಡಿಗೆ 1 ಮೀಟರ್‌ಗಿಂತ ಕೆಳಗೆ ನಂಬ್ಬೇಡಿ.

ಕಾರಿನವರೇ, ಆ 11 ಕೇಳಿ ಬೀಗ್ಬೇಡಿ. ಕಿಟಕಿ ಮುಚ್ಚಿ ನಾಲ್ವರು ಕೂತ್ರೆ ಕಾರ್ಬನ್ ಡೈಆಕ್ಸೈಡ್ ಏರ್ತಾ ಹೋಗುತ್ತೆ. ಸಿಗ್ನಲ್ ದಾಟಿ ರಸ್ತೆ ಖಾಲಿಯಾದ ಮೇಲೆ ಹೊರಗಾಳಿ ಮೋಡ್‌ಗೆ ಬದಲಾಯಿಸಿ.