ಸಿನಿಮಾಕ್ಕಿಂತ ಮೊದಲೇ ಹೆದರಿಸಿದ ಪುಟಗಳು

ಎಲ್ಲರಿಗೂ ನಮಸ್ಕಾರ.

ಹಳೇ ಸಿನಿಮಾ ಪೋಸ್ಟರ್ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಮಾತಾಡುವುದು ಅದಕ್ಕಿಂತ ಕಡಿಮೆ ಮರ್ಯಾದೆಯ ಸರಕಿನ ಬಗ್ಗೆ. 1980ರ ಆಸುಪಾಸಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಪತ್ರಿಕೆಗಳಲ್ಲಿ ಬಂದ ವಿಡಿಯೋ ಕ್ಯಾಸೆಟ್ ಜಾಹೀರಾತುಗಳು. ಅದರಲ್ಲೂ ಕಲ್ಟ್ ಸಿನಿಮಾಗಳದ್ದು. ಥಿಯೇಟರಿನಲ್ಲಿ ಯಾರೂ ಕ್ಯಾರೇ ಅನ್ನದೆ, ಆಮೇಲೆ ಮನೆಯ ಟಿವಿಯಲ್ಲಿ ಜೀವ ಪಡೆದ ಹಾರರ್ ಚಿತ್ರಗಳು ಅಂದುಕೊಳ್ಳಿ.

ಇವನ್ನು ಕೂಡಿಡುವವರು ಹೆಚ್ಚಾಗಿ ಚಿತ್ರಕ್ಕೆ ಮರುಳಾಗುತ್ತಾರೆ. ಪುಟ ಕತ್ತರಿಸಿ, ಚಿತ್ರದ ಭಾಗ ಮಾತ್ರ ಉಳಿಸಿಕೊಂಡು, ಫ್ರೇಮ್ ಹಾಕಿಸುತ್ತಾರೆ. ನನಗೆ ಅದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕತ್ತರಿಸಿ ಬಿಸಾಡಿದ ಆ ಕೆಳಗಿನ ಪಟ್ಟಿಯಲ್ಲೇ ಅಲ್ವಾ ನಿಜವಾದ ಕಥೆ ಇರುವುದು!

ಶುರುವಿನಿಂದ ಹೇಳುತ್ತೇನೆ. ಮನೆಯಲ್ಲೇ ವಿಡಿಯೋ ಕ್ಯಾಸೆಟ್ ನೋಡುವ, ರೆಕಾರ್ಡ್ ಮಾಡುವ ಎರಡು ಫಾರ್ಮ್ಯಾಟ್ ಜಪಾನಿನಿಂದ ಬಂದವು: ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಟಿವಿಯಲ್ಲಿ ಬಂದದ್ದನ್ನು ಜನ ಮನೆಯಲ್ಲೇ ನಕಲು ಮಾಡಿಕೊಳ್ಳುತ್ತಾರೆ ಅಂತ ದೊಡ್ಡ ಸ್ಟುಡಿಯೋಗಳು ಹೆದರಿದವು. ಯೂನಿವರ್ಸಲ್ ಮತ್ತು ಡಿಸ್ನಿ ಸೇರಿ ಸೋನಿ ಮೇಲೆ ಕೇಸು ಹಾಕಿದವು. ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತೀರ್ಮಾನಿಸಿದ್ದು 1984ರಲ್ಲಿ, ಅದೂ 5-4ರ ಅಂತರದಲ್ಲಿ, ಸೋನಿ ಪರವಾಗಿ. ಅಷ್ಟರೊಳಗೆ ಮಿಷಿಗನ್ನಿನ ಆಂದ್ರೆ ಬ್ಲೇ ಎಂಬ ವ್ಯಾಪಾರಿ ಫಾಕ್ಸ್ ಕಂಪನಿಯಿಂದ 50 ಸಿನಿಮಾಗಳ ಕ್ಯಾಸೆಟ್ ಹಕ್ಕು ಪಡೆದು, 1977ರಲ್ಲಿ 'ಟಿವಿ ಗೈಡ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೇಬಿಟ್ಟ. ಸಿನಿಮಾ ಎಂಬುದು ಅಂಚೆಯಲ್ಲಿ ತರಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳುವ ವಸ್ತು ಅಂತ ಜನರಿಗೆ ಮೊದಮೊದಲು ತಿಳಿಸಿದ ಪುಟಗಳಲ್ಲಿ ಅದೂ ಒಂದು.

ದೊಡ್ಡವರು ಹಿಂದೆಮುಂದೆ ನೋಡುವಾಗ ಸಣ್ಣ ಕಂಪನಿಗಳು ನುಗ್ಗಿದವು. ಇಟಲಿಯ, ಅಮೆರಿಕದ ಅಗ್ಗದ ಹಾರರ್ ಸಿನಿಮಾಗಳ ಹಕ್ಕು ಕೊಂಡವು. ಸ್ಟಾರ್‌ಗಳಿಲ್ಲ, ಯಾರೂ ಹೆಸರು ಕೇಳಿಲ್ಲ. ಹಾಗಾದರೆ ಅಂಗಡಿಗೆ ಬಂದವನು ಯಾಕೆ ಕೈ ಹಾಕಬೇಕು? ಡಬ್ಬಿಯ ಮೇಲಿನ ಚಿತ್ರ ನೋಡಿಯೇ ಕೈ ಹಾಕಬೇಕು. ಅದೇ ಚಿತ್ರ ಪತ್ರಿಕೆಯ ಪೂರ್ತಿ ಪುಟಕ್ಕೂ ಹೋಯಿತು.

ಈಗ ನನಗೆ ತುಂಬಾ ಇಷ್ಟವಾದ ಪುಟಕ್ಕೆ ಬರುತ್ತೇನೆ. ಇಷ್ಟ ಅನ್ನುವುದೂ ಕಷ್ಟ, ಅಷ್ಟು ಭಯಾನಕವಾಗಿದೆ. 1982ರಲ್ಲಿ ವಿಪ್ಕೋ ಎಂಬ ಬ್ರಿಟಿಷ್ ಕಂಪನಿ 'ದಿ ಡ್ರಿಲ್ಲರ್ ಕಿಲ್ಲರ್' ಕ್ಯಾಸೆಟ್ಟಿಗೆ ವಿಡಿಯೋ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟಿತು. ಒಬ್ಬ ಗಂಡಸಿನ ಮುಖ. ಬಾಯಿ ತೆರೆದು ಚೀರುತ್ತಿದ್ದಾನೆ. ಹಣೆಗೆ ಡ್ರಿಲ್ ಇಳಿದಿದೆ, ಮುಖದ ತುಂಬಾ ರಕ್ತ. ಟಿವಿ ರಿಪೇರಿ, ಹೊಸ ವಿಸಿಆರ್ ಮಾಡೆಲ್ಲು ಅಂತ ಪುಟ ತಿರುವುತ್ತಿದ್ದವರ ಎದುರಿಗೆ ಇದು ಧುತ್ತೆಂದು ಬಂದರೆ ಹೇಗಿರಬೇಡ?

ದೂರುಗಳು ಬಂದವು. ಸೆನ್ಸಾರ್ ಮಂಡಳಿಗಲ್ಲ, ಜಾಹೀರಾತುಗಳನ್ನು ನೋಡಿಕೊಳ್ಳುವ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿಗೆ. ಇದನ್ನು ಗಮನಿಸಿ. ಜನ ಕೆರಳಿದ್ದು ಸಿನಿಮಾ ನೋಡಿ ಅಲ್ಲ, ಪುಟ ನೋಡಿ. ಆ ಸಿನಿಮಾ ನೋಡಿದರೆ ನಿಮಗೆ ನಗು ಬರಬಹುದು. ಏಬಲ್ ಫೆರಾರಾ ನಿರ್ದೇಶಿಸಿದ, 1979ರ ಚಿತ್ರ. ನ್ಯೂಯಾರ್ಕಿನ ಒಬ್ಬ ಬಡ ಕಲಾವಿದ, ಕಟ್ಟಲಾಗದ ಬಾಡಿಗೆ, ಅದೇ ಕಟ್ಟಡದಲ್ಲಿ ಹಗಲು ರಾತ್ರಿ ಗಲಾಟೆ ಮಾಡುವ ಪಂಕ್ ಬ್ಯಾಂಡು. ಅವನಿಗೆ ತಲೆ ಕೆಡುತ್ತದೆ. ಡ್ರಿಲ್ಲಿಗಿಂತ ಗಿಟಾರ್ ಸದ್ದೇ ಜಾಸ್ತಿ! ಜಾಹೀರಾತು ಅದರೊಳಗಿನ ಕೆಲವೇ ಕ್ಷಣಗಳನ್ನು ಹಿಡಿದು, ಅದೇ ಇಡೀ ಸಿನಿಮಾ ಅನ್ನುವ ಹಾಗೆ ಮಾರಿತು.

ಬೆಂಕಿಗೆ ತುಪ್ಪ ಸುರಿದದ್ದು ಗೋ ವಿಡಿಯೋ ಎಂಬ ಇನ್ನೊಂದು ಕಂಪನಿ. 'ಕ್ಯಾನಿಬಲ್ ಹಾಲೋಕಾಸ್ಟ್' ಎಂಬ ಹಾರರ್ ಸಿನಿಮಾದ ಕ್ಯಾಸೆಟ್ ತಂದದ್ದು ಇವರೇ. ಪ್ರಚಾರ ಸಿಗಲಿ ಅಂತ ಇವರೇ ನೀತಿ ಹೋರಾಟಗಾರ್ತಿ ಮೇರಿ ವೈಟ್‌ಹೌಸ್‌ಗೆ ತಮ್ಮ ಕ್ಯಾಸೆಟ್ ವಿರುದ್ಧ ದೂರಿನ ಪತ್ರ ಬರೆದರು ಎಂದು ಹೇಳುತ್ತಾರೆ. ಪ್ರಚಾರವೇನೋ ಸಿಕ್ಕಿತು, ಪೊಲೀಸರೂ ಬಂದರು. ಪತ್ರಿಕೆಗಳು ಇಂಥ ಸಿನಿಮಾಗಳಿಗೆಲ್ಲ 'ವಿಡಿಯೋ ನ್ಯಾಸ್ಟಿ', ಅಂದರೆ ಹೊಲಸು ವಿಡಿಯೋ, ಅಂತ ಹೆಸರಿಟ್ಟವು. ಅಂಗಡಿಗಳ ಮೇಲೆ ದಾಳಿ ನಡೆಯಿತು. ಪ್ರಾಸಿಕ್ಯೂಷನ್ ಪಟ್ಟಿಯಲ್ಲಿ ಒಟ್ಟು 72 ಸಿನಿಮಾಗಳು ಸೇರಿದವು, ಅವುಗಳಲ್ಲಿ 39ರ ಮೇಲೆ ಹೂಡಿದ ಮೊಕದ್ದಮೆ ಗೆದ್ದಿತು. ಗ್ರಹಾಂ ಬ್ರೈಟ್ ಎಂಬ ಸಂಸದ ಖಾಸಗಿ ಮಸೂದೆ ತಂದರು. 1984ರಲ್ಲಿ ವಿಡಿಯೋ ರೆಕಾರ್ಡಿಂಗ್ಸ್ ಆಕ್ಟ್ ಆಯಿತು. ಆಮೇಲೆ ಕ್ಯಾಸೆಟ್ಟಿಗೂ ಸರ್ಟಿಫಿಕೇಟು ಬೇಕಾಯಿತು. ಒಂದು ತಮಾಷೆ: ಈ ಕಾಯ್ದೆಯನ್ನು ಯುರೋಪಿಯನ್ ಕಮಿಷನ್ನಿಗೆ ತಿಳಿಸಲೇ ಇಲ್ಲ, ಹಾಗಾಗಿ ಜಾರಿ ಮಾಡುವ ಹಾಗಿಲ್ಲ ಅಂತ 2009ರಲ್ಲಿ ಗೊತ್ತಾಯಿತು! 2010ರಲ್ಲಿ ಅದೇ ಕಾಯ್ದೆಯನ್ನು ಮತ್ತೆ ಪಾಸು ಮಾಡಿದರು.

ಇದಕ್ಕೇ ನಾನು ಪುಟದ ಕೆಳಗಿನ ಪಟ್ಟಿ ಬಿಸಾಡಬೇಡಿ ಅನ್ನುವುದು. ಅಲ್ಲಿ ಕಂಪನಿಯ ವಿಳಾಸ ಇರುತ್ತದೆ. ಎಷ್ಟೋ ಕಂಪನಿಗಳಿಗೆ ಬೇರೆ ದಾಖಲೆಯೇ ಸಿಗುವುದಿಲ್ಲ. ವಿಎಚ್‌ಎಸ್, ಬೀಟಾ ಜೊತೆಗೆ ವಿ2000 ಅಂತಲೂ ಇದ್ದರೆ, ಫಿಲಿಪ್ಸ್‌ನ ಆ ಮೂರನೇ ಫಾರ್ಮ್ಯಾಟ್ ಇನ್ನೂ ಉಸಿರಾಡುತ್ತಿದ್ದ ಕಾಲದ್ದು. 18 ಎಂಬ ಗುರುತು, ಅಂದರೆ ವಯಸ್ಕರಿಗೆ ಮಾತ್ರ ಎಂಬ ಸರ್ಟಿಫಿಕೇಟು, ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಅದು ಕಾಯ್ದೆಗಿಂತ ಮುಂಚಿನದ್ದು ಇರಬಹುದು. ಅಂಥದ್ದನ್ನು ಅಲ್ಲಿನವರು 'ಪ್ರೀ-ಸರ್ಟ್' ಅನ್ನುತ್ತಾರೆ. ಅದಕ್ಕೆ ಬೆಲೆಯೂ ಜಾಸ್ತಿ.

ಅಮೆರಿಕದ್ದು ಬೇರೆ ರೀತಿ. ಅಲ್ಲಿ ಎರಡು ಥರದ ಜಾಹೀರಾತು. ಒಂದು 'ಫ್ಯಾಂಗೋರಿಯಾ'ದಂಥ ಹಾರರ್ ಪತ್ರಿಕೆ ಓದುವ ಅಭಿಮಾನಿಗಳಿಗೆ. ಇನ್ನೊಂದು ವ್ಯಾಪಾರದ ಪತ್ರಿಕೆಗಳಲ್ಲಿ, ಬಾಡಿಗೆ ಅಂಗಡಿಯವರಿಗೆ. ಎರಡನೆಯದರಲ್ಲಿ ರಕ್ತದ ಜೊತೆ ಲೆಕ್ಕವೂ ಇರುತ್ತದೆ: ಆರ್ಡರ್ ಕೊಡಲು ಕೊನೆ ದಿನ, ಕ್ಯಾಸೆಟ್ ಬಿಡುಗಡೆಯ ದಿನ, ಬೆಲೆ. ಒಂದು ಕ್ಯಾಸೆಟ್ಟಿಗೆ 79.95 ಡಾಲರ್ ಎಂದು ನೋಡಿ ಬೆಚ್ಚಬೇಡಿ. ಅದು ಮನೆಯವರಿಗೆ ಇಟ್ಟ ಬೆಲೆಯಲ್ಲ, ಅಂಗಡಿಯವನಿಗೆ. ಅಲ್ಲಿ ಒಮ್ಮೆ ಕೊಂಡ ಕ್ಯಾಸೆಟ್ಟನ್ನು ಎಷ್ಟು ಸಲ ಬೇಕಾದರೂ ಬಾಡಿಗೆಗೆ ಕೊಡಬಹುದಿತ್ತು, ಅದರಲ್ಲಿ ಸ್ಟುಡಿಯೋಗೆ ಪಾಲಿಲ್ಲ. ಹಾಗಾಗಿ ಮೊದಲೇ ಹಿಂಡಿಕೊಂಡರು. ಈ ವ್ಯಾಪಾರದ ಪತ್ರಿಕೆಗಳನ್ನು ತಿಂಗಳು ಕಳೆದ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕೇ ಸಿಗುವುದು ಕಷ್ಟ.

ಕೊಳ್ಳುವಾಗ ಒಂದು ಭೂತಗನ್ನಡಿ ಜೊತೆಗಿರಲಿ. ಆಗಿನ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಸಣ್ಣ ಹೂವಿನ ಆಕಾರದಲ್ಲಿ ಕೂತಿರುತ್ತವೆ. ಇಂಕ್‌ಜೆಟ್ ನಕಲಿನಲ್ಲಿ ಚುಕ್ಕಿಗಳು ಹೆಚ್ಚಾಗಿ ಅಡ್ಡಾದಿಡ್ಡಿ ಚೆಲ್ಲಿರುತ್ತವೆ. ಹಿಂದಿನ ಪುಟವನ್ನೂ ತಿರುಗಿಸಿ ನೋಡಿ. ಖಾಲಿ ಇದ್ದರೆ ಅನುಮಾನ ಪಡಿ. ಆದಷ್ಟೂ ಪೂರ್ತಿ ಸಂಚಿಕೆಯನ್ನೇ ಕೊಳ್ಳಿ. ಬಿಡಿ ಪುಟ ಅಗ್ಗ, ನಿಜ. ಆದರೆ ಯಾವ ತಿಂಗಳು, ಪಕ್ಕದಲ್ಲಿ ಏನಿತ್ತು, ಓದುಗರು ಏನು ಬೈದು ಬರೆದರು, ಎಲ್ಲಾ ಹೋಗಿಬಿಡುತ್ತದೆ.

ಇನ್ನು ಕಾಪಾಡುವುದು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಊರುಗಳಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ದೇವರ ಫೋಟೋವರೆಗೆ ಎಲ್ಲದಕ್ಕೂ ಅದೇ ಮದ್ದು, ಗೊತ್ತು. ಕಾಗದಕ್ಕೆ ಮಾತ್ರ ಅದು ಬಿಡಿಸಲಾಗದ ಬಂಧನ. ಸೆಲ್ಲೋಟೇಪೂ ಬೇಡ. ಅಗ್ಗದ ಪಿವಿಸಿ ಕವರಿನ ಬದಲು ಪಾಲಿಯೆಸ್ಟರ್ ಕವರು, ಹಿಂದೆ ಆಮ್ಲರಹಿತ ರಟ್ಟು ಇಡಿ. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿಯುತ್ತದೆ, ಆಗಾಗ ತೆಗೆದು ನೋಡಿ. ಬಿಸಿಲಿಗೆ ನೇತುಹಾಕಿದರೆ ಕೆಂಪು, ಹಳದಿ ಮೊದಲು ಹಾರಿಹೋಗಿ ಪುಟವೆಲ್ಲ ನೀಲಿಯಾಗುತ್ತದೆ. ರಕ್ತವೇ ಹೋದ ಮೇಲೆ ಹಾರರ್ ಜಾಹೀರಾತಿನಲ್ಲಿ ಇನ್ನೇನಿದೆ?

ಕೆಲವು ಸಂಚಿಕೆಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಕಾಫಿ ಕುಡಿದವರು ಕೈ ತೊಳೆದು ಬನ್ನಿ. ಭೂತಗನ್ನಡಿಯೂ ಅಲ್ಲೇ ಇದೆ.