ಚತುರ್ಥಿ ವಿಭಕ್ತಿಯಲ್ಲಿ ದೇವರು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನ ನನ್ನ ಮರ್ಯಾದೆ ಸ್ವಲ್ಪ ಹೋಗುವಂಥ ಕಥೆಯಿಂದಲೇ ಶುರು ಮಾಡ್ತೀನಿ.

ಹೋದ ವರ್ಷ ಧಾರವಾಡದಲ್ಲಿ ನಮ್ಮಪ್ಪ ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು. ವಯಸ್ಸು 81. ಅಮ್ಮ ತೀರಿಕೊಂಡು ಆರು ವರ್ಷ. ನಾನಿರೋದು ಬೆಂಗಳೂರಲ್ಲಿ, ಕೆಲಸ ಪ್ರಾಜೆಕ್ಟ್ ಮ್ಯಾನೇಜರ್. ಏನೇನು ಕೆಡಬಹುದು ಅಂತ ಮೊದಲೇ ಎಕ್ಸೆಲ್ ಶೀಟಲ್ಲಿ ಬರೆದು, ಅದಕ್ಕೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚೋದೇ ನಮ್ಮ ಕಸುಬು. ಅಪ್ಪನ ಹೆಸರಲ್ಲೂ ಒಂದು ಶೀಟ್ ತೆಗೆದೆ. ಮಾತ್ರೆ ಎಷ್ಟು ಹೊತ್ತಿಗೆ, ವಾಕರ್ ಹಿಡ್ಕೊಂಡು ಎಷ್ಟು ಹೆಜ್ಜೆ, ಅಡುಗೆಯಾಕೆ ಎಷ್ಟಕ್ಕೆ ಬಂದರು, ಎಲ್ಲಾ ಅದರಲ್ಲಿ. ಅಷ್ಟು ಸಾಲದು ಅಂತ ಹಾಲಲ್ಲಿ ಒಂದು ಕ್ಯಾಮೆರಾ ಹಾಕಿಸಿದೆ. ಈಗಿನ ಕ್ಯಾಮೆರಾದಲ್ಲಿ ಸ್ಪೀಕರೂ ಇರುತ್ತಲ್ಲ, ನಾನು ಬೆಂಗಳೂರಲ್ಲಿ ಮೀಟಿಂಗ್ ಮಧ್ಯೆಯೇ ಒಂದು ಬಟನ್ ಒತ್ತಿ, "ಅಪ್ಪಾಜಿ, ಹತ್ತು ಗಂಟೆ ಮಾತ್ರೆ ತಗೊಂಡ್ರಾ?" ಅಂತ ಕೇಳ್ತಿದ್ದೆ.

ನಾಲ್ಕನೇ ದಿನ ಫೋನ್ ಪರದೆ ಪೂರ್ತಿ ಕತ್ತಲು. ಗಾಬರಿಯಿಂದ ಫೋನ್ ಮಾಡಿದರೆ ಅಪ್ಪ ಶಾಂತವಾಗಿ ಹೇಳಿದರು: "ಈ ಗ್ವಾಡಿ ನನ್ನ ಕೂಡ ಮಾತಾಡಾಕ ಹತ್ತಿತ್ತು. ಬಾಯಿಗೆ ಟವೆಲ್ ಹಾಕೀನಿ."

ನಗು ಬರುತ್ತೆ. ನನಗಾಗ ಬರಲಿಲ್ಲ. ಯಾಕಂದ್ರೆ ಅಷ್ಟೂ ದಿನ ರಾತ್ರಿ ಮಲಗೋ ಮುಂಚೆ ನಾನು ಮಂಡಿಯೂರಿ ಮಾಡ್ತಿದ್ದ ಪ್ರಾರ್ಥನೆ ಇದು: "ಕರ್ತನೇ, ಅಪ್ಪಾಜಿಯನ್ನ ನಿನ್ನ ಕೈಗೆ ಒಪ್ಪಿಸಿದ್ದೀನಿ. ಆಮೆನ್." ಆಮೆನ್ ಅಂದ ಕೈಯಲ್ಲೇ ಫೋನ್ ಎತ್ತಿ ಆ್ಯಪ್ ತೆಗೀತಿದ್ದೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಇನ್ನೊಮ್ಮೆ. ಟವೆಲ್ ಬಿದ್ದ ಮೇಲೂ ಬಿಡಲಿಲ್ಲ ನೋಡಿ, ಆ ಕಪ್ಪು ಪರದೆಯನ್ನೇ ನೋಡ್ತಾ ಮಲಗಿದ ರಾತ್ರಿಗಳಿವೆ. ಏನೂ ಕಾಣಲ್ಲ ಅಂತ ಗೊತ್ತು, ಆದರೂ ನೋಡಬೇಕು.

ನಮ್ಮಪ್ಪ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು. ಅರ್ಕಾವತ್ತು ಒಂದು ಜಾಗ ತಪ್ಪಿದರೆ ಪೂರ್ತಿ ಪುಟ ಮತ್ತೆ ಬರೆಸೋರು. ಮನೆಗೆ ಲಗ್ನಪತ್ರಿಕೆ ಬಂದರೂ ಕೆಂಪು ಪೆನ್ನು ಹಿಡ್ಕೊಂಡೇ ಓದೋರು. ಕಪಾಟಿನಲ್ಲಿ ಕಿಟೆಲ್ ನಿಘಂಟು ಇತ್ತು, ಆದರೆ "ಇರಲಿ ಬಿಡು" ಅನ್ನೋ ಮಾತು ಮಾತ್ರ ನಮ್ಮ ಮನೇಲಿ ಇರಲಿಲ್ಲ. ಇಂಥವರ ಮಗ ನಾನು, ಹಿಡಿತ ನನಗೆ ರಕ್ತದಲ್ಲೇ ಬಂದಿದೆ ಅಂತ ಸಬೂಬು ಹೇಳಬಹುದು. ಅವರು ಕಲಿಸಿದ ವ್ಯಾಕರಣವೇ ಒಂದು ರಾತ್ರಿ ನನ್ನನ್ನ ಹಿಡ್ಕೊಂಡಿತು.

ನಾವು ಕನ್ನಡ ಕ್ರೈಸ್ತರು ಯೇಸುವನ್ನ ಕರೆಯೋದು ಕರ್ತ ಅಂತ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅಲ್ಲಿರೋದು ಕೂರಿಯೋಸ್, ಅಂದರೆ ಒಡೆಯ, ಯಜಮಾನ. ಆದರೆ ಕನ್ನಡದಲ್ಲಿ ಕರ್ತ ಅಂದಾಗ ಇನ್ನೊಂದು ಅರ್ಥ ಪುಕ್ಕಟೆ ಸಿಗುತ್ತೆ: ಮಾಡುವವನು. ಕರ್ತೃ, ಕರ್ಮ, ಕ್ರಿಯಾಪದ ಅಂತ ಓದಿದ್ದೀವಲ್ಲ, ಅದೇ ಕರ್ತೃ. ಈಗ ನನ್ನ ಪ್ರಾರ್ಥನೆಯನ್ನ ಬಿಡಿಸಿ ನೋಡಿ. "ನಾನು ಅಪ್ಪಾಜಿಯನ್ನ ನಿನ್ನ ಕೈಗೆ ಒಪ್ಪಿಸಿದ್ದೀನಿ." ಕರ್ತೃ ಯಾರು? ನಾನು. ಕರ್ಮ? ಅಪ್ಪ. ದೇವರಿಗೆ ಸಿಕ್ಕಿದ್ದು "ಕೈಗೆ" ಅನ್ನೋ ಚತುರ್ಥಿ ವಿಭಕ್ತಿ, ಅಷ್ಟೇ. ಬಾಯಲ್ಲಿ ಕರ್ತನೇ ಕರ್ತನೇ ಅಂತೀನಿ, ವಾಕ್ಯದಲ್ಲಿ ಕರ್ತೃವಿನ ಕುರ್ಚಿ ಬಿಟ್ಟು ಏಳೋದೇ ಇಲ್ಲ.

ಇದು ನನ್ನೊಬ್ಬನ ರೋಗ ಅಲ್ಲ. ನಮ್ಮ ಎಷ್ಟೋ ಲಗ್ನಪತ್ರಿಕೆಗಳಲ್ಲಿ "ದೇವರ ಚಿತ್ತವಾದರೆ" ಅಂತ ಇರುತ್ತೆ. ಅದರ ಬೇರು ಬೈಬಲಿನ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯದಲ್ಲಿದೆ. ಇವತ್ತೋ ನಾಳೆಯೋ ಇಂಥ ಊರಿಗೆ ಹೋಗ್ತೀವಿ, ಒಂದು ವರ್ಷ ಇದ್ದು ಲಾಭ ಮಾಡ್ತೀವಿ ಅನ್ನೋ ವ್ಯಾಪಾರಿಗಳಿಗೆ ಅವನು ಹೇಳ್ತಾನೆ, ನಾಳೆ ಏನಾಗುತ್ತೋ ನಿಮಗೆ ಗೊತ್ತಿಲ್ಲ, ನೀವು ಸ್ವಲ್ಪ ಹೊತ್ತು ಕಾಣಿಸಿ ಮಾಯವಾಗೋ ಹಬೆ ಅಂತ. ಎಂಥಾ ನಡುಕ ಹುಟ್ಟಿಸೋ ಮಾತು! ನಾವು ಅದನ್ನ ಕಲ್ಯಾಣಮಂಟಪ ಬುಕ್ ಆಗಿ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟು, ಊಟದ ಎಲೆ ಎಣಿಸಿದ ಮೇಲೆ ಕಾರ್ಡಿನ ಮೂಲೆಯಲ್ಲಿ ಚಿನ್ನದ ಅಕ್ಷರದಲ್ಲಿ ಹಾಕಿಸ್ತೀವಿ. ಪ್ಲಾನ್ ಮಾಡೋದೇ ತಪ್ಪು ಅಂತಲ್ಲ. ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಲೆಕ್ಕ ಹಾಕಲ್ವಾ ಅಂತ ಯೇಸುಸ್ವಾಮಿಯೇ ಕೇಳಿದ್ದಾರೆ. ಲೆಕ್ಕ ಹಾಕಿ. ಆದರೆ ಫೈಲ್ ಪೂರ್ತಿ ರೆಡಿ ಮಾಡಿ, ಕೊನೇ ಪುಟದಲ್ಲಿ ಸಹಿ ಹಾಕೋಕೆ ದೇವರನ್ನ ಕರೆದು, ಅದಕ್ಕೆ ಶರಣಾಗತಿ ಅಂತ ಹೆಸರಿಡಬೇಡಿ.

ಈ ವಿಷಯದಲ್ಲಿ ನನಗೆ ಬಹಳ ಹತ್ತಿರದವನು ಯೇಸುವಿನ ಶಿಷ್ಯ ಪೇತ್ರ. ಫಿಲಿಪ್ಪನ ಕೈಸರೈಯದ ಸೀಮೆಯಲ್ಲಿ ನೀನೇ ಕ್ರಿಸ್ತ ಅಂತ ಒಪ್ಪಿಕೊಂಡವನು ಅವನೇ. ಯೇಸು ತನಗೆ ಬರೋ ಪಾಡು, ಮರಣದ ಮಾತು ಎತ್ತಿದ್ದೇ ತಡ, ಪಕ್ಕಕ್ಕೆ ಕರೆದು ಗದರಿಸಿದವನೂ ಅವನೇ: ಹಾಗಾಗಕೂಡದು! ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನ ಇಲ್ಲ. ನಾನೂ ಕ್ಯಾಮೆರಾ ಹಾಕಿಸಿದ್ದು ಪ್ರೀತಿಯಿಂದಲೇ. ಅವನಿಗೆ ಸಿಕ್ಕ ಉತ್ತರ ಮಾತ್ರ, ಸೈತಾನನೇ, ನನ್ನ ಹಿಂದಕ್ಕೆ ಹೋಗು. ಮರುವಾಕ್ಯದಲ್ಲೇ, ಮತ್ತಾಯ 16:24ರಲ್ಲಿ, ಯಾರಿಗೆ ನನ್ನ ಹಿಂದೆ ಬರೋ ಮನಸ್ಸಿದೆಯೋ ಅವನು ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ತು ಬರಲಿ ಅಂತಾರೆ. ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಮಾತು, "ನನ್ನ ಹಿಂದೆ". ಹಾಗಾಗಿ ನಾನು ಆ ಗದರಿಕೆಯನ್ನ ಆಚೆಗೆ ಅಟ್ಟಿದ್ದು ಅಂತ ಓದಲ್ಲ. ದಾರಿ ತೋರಿಸೋಕೆ ಮುಂದೆ ಬಂದು ನಿಂತಿದ್ದ ಶಿಷ್ಯನನ್ನ ಅವನ ಜಾಗಕ್ಕೆ ವಾಪಸ್ ಕಳಿಸಿದ್ದು. ಶಿಲುಬೆ ಹೊರೋ ಇದೇ ಮಾತನ್ನ ತನ್ನ ಸುವಾರ್ತೆಯಲ್ಲಿ ಬರೆಯುವಾಗ ಲೂಕ ಒಂದು ಪದ ಜಾಸ್ತಿ ಸೇರಿಸ್ತಾನೆ: "ದಿನಾಲೂ". ಮತ್ತಾಯ, ಮಾರ್ಕರಲ್ಲಿ ಅದಿಲ್ಲ. ನನ್ನಂಥವರಿಗೆ ಆ ಒಂದು ಪದವೇ ಶಿಲುಬೆ. ಒಂದು ಸಲ ಬಿಡು ಅಂದರೆ ವೀರಾವೇಶದಲ್ಲಿ ಬಿಟ್ಟುಬಿಡ್ತೀನಿ, ಸಭೆ ಮುಂದೆ ನಿಂತು ಕಣ್ಣೀರು ಹಾಕಿ ಸಾಕ್ಷಿನೂ ಹೇಳ್ತೀನಿ. ಮಂಗಳವಾರ ಬೆಳಿಗ್ಗೆ ಎಂಟೂವರೆಗೆ, ಅಡುಗೆಯಾಕೆ ಬಂದಿಲ್ಲ ಅಂತ ಗೊತ್ತಾದಾಗ ಬಿಡೋದು ಹೇಗೆ, ಅದನ್ನ ಹೇಳಿ.

ಈಗ ಒಂದು ಖಾರದ ಮಾತು. ಸಮರ್ಪಣೆ ಬಗ್ಗೆ ಜೋರಾಗಿ ಪ್ರಸಂಗ ಮಾಡೋರಲ್ಲಿ ಕೆಲವರಿಗೆ ತಮ್ಮ ಹಿಡಿತ ಬಿಡೋದರಲ್ಲಿ ಯಾವ ಆಸಕ್ತಿಯೂ ಇಲ್ಲ, ನಿಮ್ಮದು ಬೇಕು, ಅಷ್ಟೇ. ದೇವರಿಗೆ ಒಪ್ಪಿಸು ಅಂತ ಶುರುವಾಗಿ, ನಮ್ಮನ್ನ ಕೇಳದೆ ಕೆಲಸ ಬದಲಾಯಿಸಬೇಡ, ಮನೆ ಕೊಳ್ಳಬೇಡ ಅನ್ನೋವರೆಗೂ ಬರುತ್ತೆ. ಗಂಡ ಹೊಡೀತಾನೆ ಅಂತ ಬಂದ ಹೆಣ್ಣುಮಗಳಿಗೆ, ಅದು ನಿನ್ನ ಶಿಲುಬೆ ಸಹಿಸಿಕೋಮ್ಮಾ ಅಂದದ್ದನ್ನ ನನ್ನ ಕಿವಿಯಾರೆ ಕೇಳಿದ್ದೀನಿ. ಅದು ಶಿಲುಬೆ ಅಲ್ಲ, ಅಪರಾಧ. ಆಕೆಗೆ ಬೇಕಾದ್ದು ಪೊಲೀಸು, ವಕೀಲರು, ತವರಿನ ಬಾಗಿಲು. ತನ್ನನ್ನು ನಿರಾಕರಿಸು ಅನ್ನೋ ಮಾತನ್ನ ಅಧಿಕಾರ ಇದ್ದವನು ತನಗೆ ಹೇಳ್ಕೋಬೇಕು, ಇಲ್ಲದವರ ತಲೆ ಮೇಲೆ ಹೊರಿಸಬಾರದು. ಹಾಗೇ ಬಿಪಿ ಮಾತ್ರೆ ಬಿಟ್ಟು ನಂಬಿಕೆ ತೋರಿಸೋದು. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡೀತಾರೆ ಅಂತ ವಾಕ್ಯ ಸಮೇತ ಯೇಸುವಿಗೆ ಹೇಳಿದವನು ಸೈತಾನ, ಮತ್ತಾಯ 4ರಲ್ಲಿ ನೋಡ್ಕೊಳ್ಳಿ. ಯೇಸು ಧುಮುಕಲಿಲ್ಲ.

ಭಕ್ತಿಯೂ ಹಿಡಿತ ಆಗಬಹುದು. ಎರಿಕ್ ಲಿಡೆಲ್ ಕಥೆ ಕೇಳಿರ್ತೀರಿ. 1924ರ ಪ್ಯಾರಿಸ್ ಒಲಿಂಪಿಕ್ಸ್, 100 ಮೀಟರ್ ಹೀಟ್ಸ್ ಭಾನುವಾರ ಇದ್ದವು, ಸ್ಕಾಟ್ಲೆಂಡಿನ ಈ ಓಟಗಾರ ಕರ್ತನ ದಿನ ಓಡಲ್ಲ ಅಂದರು. 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನಮ್ಮ ಭಾನುವಾರದ ಶಾಲೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತೆ, ಸಿದ್ಧಾಂತ ಬಿಡದವನಿಗೆ ಬಹುಮಾನ ಅಂತ. ಮುಂದಿನದು ಅದಕ್ಕಿಂತ ದೊಡ್ಡದು. 1925ರಲ್ಲಿ ಮಿಷನರಿಯಾಗಿ ಚೀನಾಕ್ಕೆ ಹೋದರು. ಯುದ್ಧ ಹತ್ತಿರ ಬಂದಾಗ ಬಸುರಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನ ಕೆನಡಾಕ್ಕೆ ಕಳಿಸಿದರು. ಮೂರನೇ ಮಗಳ ಮುಖ ನೋಡಲೇ ಇಲ್ಲ. 1943ರಲ್ಲಿ ಜಪಾನೀಯರು ವೈಹ್ಸಿಯೆನ್ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಅಪ್ಪ ಅಮ್ಮಂದಿರಿಂದ ದೂರವಾದ ಎಷ್ಟೋ ಮಕ್ಕಳಿದ್ದರು. ಭಾನುವಾರದ ಹಾಕಿ ಆಟ ಜಗಳಕ್ಕೆ ತಿರುಗಿದಾಗ ಲಿಡೆಲ್ಲರೇ ಬಂದು ರೆಫರಿಯಾಗಿ ನಿಂತರು ಅಂತ ಆ ಶಿಬಿರದಲ್ಲಿ ಬೆಳೆದವರು ನೆನಪಿಸಿಕೊಂಡಿದ್ದಾರೆ. ಯಾವ ಭಾನುವಾರಕ್ಕಾಗಿ 100 ಮೀಟರ್ ಬಿಟ್ಟಿದ್ದರೋ, ಅದೇ ಭಾನುವಾರ! 1945ರ ಫೆಬ್ರವರಿಯಲ್ಲಿ ಮೆದುಳಿನ ಗಡ್ಡೆಯಿಂದ ಅಲ್ಲೇ ತೀರಿಕೊಂಡರು, 43ನೇ ವಯಸ್ಸಿಗೆ. ಪದಕ ಬಿಡೋದಕ್ಕಿಂತ, ಪದಕ ಬಿಟ್ಟವನು ಅನ್ನೋ ಹೆಸರನ್ನ ಮಕ್ಕಳಿಗೋಸ್ಕರ ಬಿಡೋದು ಕಷ್ಟ ಇದ್ದಿರಬೇಕು ಅಂತ ನನಗನ್ನಿಸುತ್ತೆ.

ಆಸೆಯೇ ಇರಬಾರದಾ ಹಾಗಾದರೆ? ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಯೇಸು ಪ್ರಾರ್ಥನೆ ಮಾಡಿದ ಗೆತ್ಸೇಮನೆ ತೋಟಕ್ಕೆ ಬನ್ನಿ. ಗೆತ್ಸೇಮನೆ ಅಂದರೆ ಎಣ್ಣೆ ಗಾಣ. ಅಲ್ಲಿ ಯೇಸುಸ್ವಾಮಿ ನೇರವಾಗಿ "ನಿನ್ನ ಚಿತ್ತ" ಅಂತ ಶುರು ಮಾಡಲ್ಲ. ಸಾಧ್ಯವಾದರೆ ಈ ಪಾತ್ರೆ ನನ್ನನ್ನ ಬಿಟ್ಟು ಹೋಗಲಿ ಅಂತ ಬೇಡಿಕೊಳ್ತಾರೆ. ಮೂರು ಸಲ. ನನಗೆ ಬೇಡ ಅಂತ ಬಾಯಿಬಿಟ್ಟು ಹೇಳಿದ ಮೇಲೆ ನಿನ್ನ ಚಿತ್ತವೇ ಆಗಲಿ. ನಾವು ಮೊದಲರ್ಧ ನುಂಗಿಬಿಡ್ತೀವಿ. "ಎಲ್ಲಾ ದೇವರ ಚಿತ್ತ ಬಿಡಿ" ಅಂತ ನಗುಮುಖದಲ್ಲಿ ಹೇಳಿ, ರಾತ್ರಿ ಎರಡು ಗಂಟೆಗೆ ಆ್ಯಪ್ ತೆಗೀತೀವಿ. ನಾನು ಅಪ್ಪನಿಗೋಸ್ಕರ ಮಾಡಿದ ಮೊದಲ ಪ್ರಾಮಾಣಿಕ ಪ್ರಾರ್ಥನೆಯಲ್ಲಿ ಒಪ್ಪಿಸಿದ್ದೀನಿ ಅನ್ನೋ ಪದ ಇರಲಿಲ್ಲ. "ಅವರು ಸಾಯೋದು ನನಗೆ ಬೇಡ" ಅಂತಷ್ಟೇ ಇತ್ತು. ಅವತ್ತು ನಿದ್ದೆ ಬಂತು. ಮಾರನೇ ದಿನ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಆ ಶೀಟ್ ಡಿಲೀಟ್ ಮಾಡಲಿಲ್ಲ, ಅಪ್ಪನಿಗೇ ತೋರಿಸಿದೆ. ಕನ್ನಡಕ ಹಾಕ್ಕೊಂಡು ಓದಿ ಎರಡು ಕಾಗುಣಿತದ ತಪ್ಪು ಹಿಡಿದರು. ಹಾಲಲ್ಲಿ ಕ್ಯಾಮೆರಾ ಬ್ಯಾಡ, ಗೇಟಿಗೆ ಹಾಕು, ಹಾಲಿನವ ಎಷ್ಟೊತ್ತಿಗೆ ಬರ್ತಾನ ನೋಡೂಣು ಅಂದರು. ಹಾಗೇ ಮಾಡಿದೆ.

ಯೋಹಾನನ ಸುವಾರ್ತೆಯ ಕೊನೇ ಅಧ್ಯಾಯ ನೆನಪು ಮಾಡ್ಕೊಳ್ಳಿ. ತಿಬೇರಿಯ ಸಮುದ್ರದ ದಡ, ಬೆಳಗಿನ ಹೊತ್ತು, ಕೆಂಡದ ಮೇಲೆ ಮೀನು. ಪೇತ್ರನಿಗೆ ಯೇಸು ಹೇಳ್ತಾರೆ: ಪ್ರಾಯದಲ್ಲಿ ನೀನೇ ನಡುಕಟ್ಟಿಕೊಂಡು ಇಷ್ಟಬಂದ ಕಡೆ ತಿರುಗಾಡ್ತಿದ್ದೆ, ಮುದುಕನಾದಾಗ ಕೈಚಾಚ್ತೀಯ, ಬೇರೊಬ್ಬ ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಕರ್ಕೊಂಡು ಹೋಗ್ತಾನೆ. ನನ್ನನ್ನು ಹಿಂಬಾಲಿಸು. ಅದನ್ನ ಕೇಳಿಯೂ ಪೇತ್ರ ಹಿಂದೆ ತಿರುಗಿ ಇನ್ನೊಬ್ಬ ಶಿಷ್ಯನ್ನ ನೋಡ್ತಾನೆ: ಹಾಗಾದರೆ ಇವನ ಗತಿ ಏನು? ಉತ್ತರ ಬರುತ್ತೆ, ಅದರಿಂದ ನಿನಗೇನು? ನೀನು ನನ್ನ ಹಿಂದೆ ಬಾ. ನನ್ನ ಹಿಡಿತದ ಮುಕ್ಕಾಲು ಪಾಲು ನನ್ನ ಜೀವನದ ಮೇಲಿನದಲ್ಲ, "ಇವನ ಗತಿ ಏನು" ಅನ್ನೋದರ ಮೇಲಿನದು.

ಕ್ರಿಸ್ಮಸ್ಸಿಗೆ ಊರಿಗೆ ಹೋಗಿದ್ದೆ. ಬಿದ್ದ ಮೇಲೆ ಅಪ್ಪ ಮೊದಲ ಸಲ ಆರಾಧನೆಗೆ ಹೊರಟಿದ್ದರು. ಧೋತರ ಉಡಬೇಕು, ಬಗ್ಗೋಕಾಗಲ್ಲ. ಅಮ್ಮನ ಕೈಯಲ್ಲೂ ನಿರಿಗೆ ಹಿಡಿಸಿಕೊಂಡವರಲ್ಲ. ನಾನು ಹಿಂದಿನ ರಾತ್ರಿಯೇ ಯೂಟ್ಯೂಬಲ್ಲಿ ಎರಡು ಸಲ ನೋಡಿ ತಯಾರಾಗಿದ್ದೆ, ಬಿಡಿ, ಕಸುಬು ಹೋಗುತ್ತಾ. ಮುಂದೆ ಮಂಡಿಯೂರಿ ಕೂತೆ. ಅವರು ವಾಕರ್ ಬಿಟ್ಟು ಎರಡೂ ಕೈ ಚಾಚಿ ನನ್ನ ಭುಜದ ಮೇಲಿಟ್ಟರು. ನಿಲ್ಲೋಕೆ ಆಧಾರ ಬೇಕಿತ್ತಲ್ಲ. ಅಂಗೈ ನಡುಗ್ತಿತ್ತು. ನಿರಿಗೆ ಒಂದು ಅಗಲ ಆಯ್ತು, ಒಂದು ಸಣ್ಣದಾಯ್ತು, ಜರಿ ಅಂಚು ಬರಬೇಕಾದ ಕಡೆ ಬರದೆ ಪಕ್ಕಕ್ಕೆ ಹೋಯ್ತು. ಬಿಚ್ಚಿ ಮತ್ತೆ ಕಟ್ಟೋಕೆ ಹೋದೆ.

ಅಪ್ಪ ತಲೆ ಬಗ್ಗಿಸಿ ನೋಡಿದರು. ಚರ್ಚಿನ ಗಂಟೆ ಆಗಲೇ ಎರಡನೇ ಸಲ ಹೊಡೀತಿತ್ತು.

"ಇರಲಿ ಬಿಡೋ ತಮ್ಮಾ," ಅಂದರು. "ನಡಿ, ಹೋಗೂಣು."