ರೈಲಿನ ಕೊಂಡಿಗೆ ಎಣ್ಣೆ ಎಲ್ಲಿ, ಎಷ್ಟು?

ಕೇಳುಗ ಬಂಧುಗಳೇ, ನಮಸ್ಕಾರ.

ಗೂಡ್ಸ್ ರೈಲು ನಿಂತಲ್ಲಿಂದ ಕದಲುವ ಹೊತ್ತಿನ ಸದ್ದನ್ನು ನೀವು ಕೇಳಿಯೇ ಇರುತ್ತೀರಿ. ಎಂಜಿನ್ ಎಳೆದೊಡನೆ ಮೊದಲ ವ್ಯಾಗನ್ನಿನಲ್ಲಿ ಧಡ್, ಅದರ ಹಿಂದಿನದರಲ್ಲಿ ಧಡ್, ಆಮೇಲೆ ಧಡಧಡ ಎಂದು ಕೊನೆಯ ಗಾರ್ಡ್ ಡಬ್ಬಿಯವರೆಗೂ ಓಡಿಹೋಗುತ್ತದೆ. ಎರಡು ವ್ಯಾಗನ್‌ಗಳನ್ನು ಹಿಡಿದಿಟ್ಟ ಕೊಂಡಿಯಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಆ ಸಡಿಲ ಮುಗಿದು ಕೊಂಡಿ ಬಿಗಿಯಾಗುವ ಸದ್ದು ಅದು. ಮಿತಿಯಲ್ಲಿ ಇದ್ದರೆ ಸಡಿಲದಿಂದ ಉಪಕಾರವೇ. ಇಡೀ ರೇಕನ್ನು, ಅಂದರೆ ಒಂದಕ್ಕೊಂದು ಕಟ್ಟಿದ ವ್ಯಾಗನ್‌ಗಳ ಸಾಲನ್ನು, ಒಂದೇ ಏಟಿಗೆ ಎಬ್ಬಿಸುವ ಬದಲು ಎಂಜಿನ್ನು ವ್ಯಾಗನ್‌ಗಳನ್ನು ಒಂದೊಂದಾಗಿ ಎಬ್ಬಿಸಬಹುದು. ಆದರೆ ಉಕ್ಕು ಸವೆದಂತೆ ಸಡಿಲ ಹೆಚ್ಚುತ್ತದೆ, ಸಡಿಲ ಹೆಚ್ಚಿದಂತೆ ಏಟು ಜೋರಾಗುತ್ತದೆ, ಏಟು ಜೋರಾದಂತೆ ಉಕ್ಕು ಇನ್ನಷ್ಟು ಸವೆಯುತ್ತದೆ. ಈ ಸುತ್ತನ್ನು ನಿಧಾನ ಮಾಡುವುದು ಹೇಗೆ, ಅದರಲ್ಲಿ ಕೀಲೆಣ್ಣೆಯ ಪಾಲು ಎಷ್ಟು ಎಂಬುದೇ ಇವತ್ತಿನ ಮಾತು.

ಹಳಿಯೇ ಇಲ್ಲದ ಕೊಡಗಿನಲ್ಲಿ ಕೂತು ರೈಲಿನ ಕೊಂಡಿಯ ಪುರಾಣವೇಕೆ ಎಂದು ಕೆಲವರು ನಗಬಹುದು. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರುತ್ತದಂತೆ ಎಂಬ ಸುದ್ದಿ ಕೇಳುತ್ತ ಕೇಳುತ್ತಲೇ ಎಷ್ಟೋ ಜನರ ತಲೆ ನರೆತಿದೆ. ಬೇಕೇ ಬೇಡವೇ ಎಂಬ ವಾದವೂ ನಿಂತಿಲ್ಲ. ಅದಿರಲಿ. ಸೈನ್ಯಕ್ಕೆ ಸೇರಿ, ರಜೆಗೆ ಬರುತ್ತ ಹೋಗುತ್ತ, ದೇಶದ ಅರ್ಧ ಹಳಿಗಳ ಮೇಲೆ ನಿದ್ದೆ ಮಾಡಿದವರು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಅಲ್ಲದೆ ನಮ್ಮ ಪುಷ್ಪಗಿರಿಯ ಆಚೆ ಮಗ್ಗುಲಿನಲ್ಲೇ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಮಾರ್ಗವಿದೆ. ಸುಮಾರು 55 ಕಿಲೋಮೀಟರ್ ಉದ್ದ, 57 ಸುರಂಗ. 1996ರಲ್ಲಿ ಮೀಟರ್‌ಗೇಜ್ ರೈಲು ನಿಂತು, ಹಳಿ ಅಗಲವಾಗಿ, 2006ರಲ್ಲಿ ಗೂಡ್ಸ್ ಗಾಡಿ, 2007ರಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡತೊಡಗಿದವು. ಕೊಂಡಿಯ ಕಷ್ಟ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಹತ್ತಿರದಲ್ಲಿಲ್ಲ.

ಲೆಕ್ಕ ನೋಡಿ. ಅಲ್ಲಿಯ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲಕ್ಕೆ. ರಸ್ತೆಯಲ್ಲಾದರೆ ಇದನ್ನು ಏರು ಎಂದು ಯಾರೂ ಕರೆಯುವುದಿಲ್ಲ. ಸಂಪಾಜೆ ಘಾಟಿ ಹತ್ತುವವರು ಇದನ್ನು ಬಯಲು ಎಂದಾರು. ರೈಲಿಗೆ ಮಾತ್ರ ಇದು ಬೆಟ್ಟ. ಪ್ರತಿ 50 ಟನ್ ಭಾರಕ್ಕೆ ಒಂದು ಟನ್ ಎಳೆತ ಬರೀ ಏರಿಗೇ ಬೇಕು. ರೇಕಿನ ತೂಕ 2000 ಟನ್ ಎಂದಿಟ್ಟುಕೊಂಡರೆ 40 ಟನ್ ಎಳೆತವಾಯಿತು. ಮುಂದಿನಿಂದಷ್ಟೇ ಎಳೆದರೆ ಈ 40 ಟನ್ನೂ ಬೀಳುವುದು ಎಂಜಿನ್ನಿಗೂ ಮೊದಲ ವ್ಯಾಗನ್ನಿಗೂ ನಡುವೆ ಇರುವ ಒಂದೇ ಒಂದು ಕೊಂಡಿಯ ಮೇಲೆ. ಘಾಟಿಯಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ ಹಾಕುವುದಕ್ಕೆ ಇದೂ ಒಂದು ಕಾರಣ. ಅದನ್ನು ಬ್ಯಾಂಕರ್ ಎನ್ನುತ್ತಾರೆ. ಅದು ತಳ್ಳಿದಷ್ಟು ಭಾರ ಮುಂದಿನ ಕೊಂಡಿಗೆ ಹಗುರ.

ಈಗ ಕೊಂಡಿಯ ಒಳಗೆ ಹೋಗೋಣ. ಬೆರಳು ಮಡಚಿದ ಎರಡು ಕೈ ಒಂದನ್ನೊಂದು ಹಿಡಿದುಕೊಂಡರೆ ಹೇಗಿರುತ್ತದೋ ಹಾಗೆ ಗೂಡ್ಸ್ ವ್ಯಾಗನ್ನಿನ ಕೊಂಡಿ. ಮಡಚುವ ಆ ಭಾಗಕ್ಕೆ ನಕ್ಕಲ್ ಎಂದು ಹೆಸರು. ಇದನ್ನು ಕಂಡುಹಿಡಿದವನು ಅಮೆರಿಕದ ಈಲೈ ಜೆನ್ನಿ. 1873ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಅಲ್ಲಿ ಒಬ್ಬ ಕೆಲಸಗಾರ ಎರಡು ವ್ಯಾಗನ್‌ಗಳ ನಡುವೆ ನಿಂತು, ಉದ್ದನೆಯ ಬಳೆಯನ್ನು ತೂತಿಗೆ ಸರಿಯಾಗಿ ಹಿಡಿದು, ಗೂಟ ಹಾಕಬೇಕಿತ್ತು. ಬೆರಳು, ಕೈ, ಜೀವ ಕಳೆದುಕೊಂಡವರಿಗೆ ಲೆಕ್ಕವಿರಲಿಲ್ಲ. ತಂತಾನೇ ಬೀಳುವ ಕೊಂಡಿಯನ್ನು ಕಡ್ಡಾಯ ಮಾಡುವ ಕಾನೂನು 1893ರಲ್ಲಿ ಬಂತು. ನಮ್ಮ ವ್ಯಾಗನ್‌ಗಳಲ್ಲಿರುವ ಸಿಬಿಸಿ, ಅಂದರೆ ಸೆಂಟರ್ ಬಫರ್ ಕಪ್ಲರ್ ಎಂಬ ಕೊಂಡಿ ಅದೇ ವಂಶದ್ದು.

ಅದು ಕೆಲಸ ಮಾಡುವ ರೀತಿ ಸರಳ. ಎರಡು ಕೊಂಡಿಗಳು ಬಂದು ಗುದ್ದಿದಾಗ ನಕ್ಕಲ್ ಒಳಕ್ಕೆ ತಿರುಗುತ್ತದೆ. ಆಗ ಒಳಗಿರುವ ಲಾಕ್ ಎಂಬ ಉಕ್ಕಿನ ತುಂಡು ತನ್ನ ಭಾರಕ್ಕೇ ಕೆಳಕ್ಕೆ ಬಿದ್ದು ನಕ್ಕಲ್ ಹಿಂದೆ ಕೂರುತ್ತದೆ. ಇನ್ನು ನಕ್ಕಲ್ ತೆರೆಯಲಾರದು. ಬಿಡಿಸಬೇಕಾದಾಗ ವ್ಯಾಗನ್ನಿನ ಪಕ್ಕದಿಂದಲೇ ಹ್ಯಾಂಡಲ್ ತಿರುಗಿಸಿದರೆ ಲಾಕ್ ಮೇಲೇಳುತ್ತದೆ. ಲಾಕ್ ಬೀಳುವುದಕ್ಕೆ ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ. ಭೂಮಿಯ ಸೆಳೆತವೇ ಅದರ ಶಕ್ತಿ. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಡಿ, ಎಣ್ಣೆಯ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಸವೆತ ಎಲ್ಲೆಲ್ಲಿ? ಮೊದಲನೆಯದು ನಕ್ಕಲ್‌ಗಳು ಒಂದನ್ನೊಂದು ಎಳೆಯುವ ಮುಖ. ವ್ಯಾಗನ್ ಓಡುವಾಗ ಸುಮ್ಮನಿರುವುದಿಲ್ಲ, ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ. ಒಂದು ಕೊಂಡಿ ಮೇಲೇಳುವಾಗ ಪಕ್ಕದ್ದು ಇಳಿಯುತ್ತಿರುತ್ತದೆ. ಟನ್‌ಗಟ್ಟಲೆ ಎಳೆತದಲ್ಲಿ ಬಿಗಿಯಾಗಿ ಒತ್ತಿಕೊಂಡ ಎರಡು ಉಕ್ಕಿನ ಮುಖಗಳು ಹೀಗೆ ಮೇಲೆ ಕೆಳಗೆ ಉಜ್ಜಿಕೊಳ್ಳುತ್ತವೆ. ಹಳಿ ಮೇಲಿಂದ ಕೊಂಡಿಯ ನಡುಮಟ್ಟದ ಎತ್ತರ ಬ್ರಾಡ್‌ಗೇಜಿನಲ್ಲಿ ಖಾಲಿ ವ್ಯಾಗನ್ನಿಗೆ 1105 ಮಿಲಿಮೀಟರ್ ಮೀರಬಾರದು, ತುಂಬಿದ್ದಕ್ಕೆ 1030ಕ್ಕಿಂತ ಇಳಿಯಬಾರದು ಎಂಬ ನಿಯಮ ಇರುವುದೂ ಈ ಏರುಪೇರು ಮಿತಿ ಮೀರದಿರಲೆಂದೇ. ಎರಡನೆಯದು ಶ್ಯಾಂಕ್, ಅಂದರೆ ಕೊಂಡಿಯ ತಲೆಯಿಂದ ಹಿಂದಕ್ಕೆ ಚಾಚಿದ ದಪ್ಪ ತೋಳು. ಅದು ಕೆಳಗಿನ ಆಧಾರದ ಮೇಲೆ ಕೂತಿರುತ್ತದೆ. ತಿರುವು ಬಂದಾಗಲೆಲ್ಲ ಅದರ ಮೇಲೆ ಎಡಕ್ಕೂ ಬಲಕ್ಕೂ ಜಾರುತ್ತದೆ. ಘಾಟಿಯಲ್ಲಿ ತಿರುವಿಗೇನು ಬರ? ಮೂರನೆಯದು ಪಿನ್ನುಗಳು. ಉಳಿದದ್ದನ್ನೆಲ್ಲ ಹೇಳುತ್ತ ಹೋದರೆ ಸಮಯ ಸಾಲದು.

ಉಜ್ಜುವ ಕಡೆಗೆಲ್ಲ ಗ್ರೀಸ್ ಮೆತ್ತಿಬಿಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸುತ್ತಿರಬಹುದು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೂ ಮೊದಲು ಹೊಳೆಯುವುದು ಅದೇ. ಡಬ್ಬಿಯಲ್ಲಿ ಉಳಿದ ಹಳೆಯ ಎಂಜಿನ್ ಆಯಿಲ್ಲನ್ನು ಕೊಂಡಿಯ ತಲೆಗೆ ಸುರಿದು, ದೊಡ್ಡ ಸೇವೆ ಮಾಡಿದೆನೆಂಬ ಮುಖ ಹೊತ್ತು ಬರುತ್ತಾರೆ. ಕೊಂಡಿಯ ತಲೆಗೆ ಮಾತ್ರ ಇದಕ್ಕಿಂತ ದೊಡ್ಡ ದ್ರೋಹವಿಲ್ಲ.

ಗೂಡ್ಸ್ ವ್ಯಾಗನ್ ಓಡಾಡುವ ಕಡೆ ಅದಿರಿನ ಪುಡಿ, ಕಲ್ಲಿದ್ದಲ ಪುಡಿ, ಸಿಮೆಂಟು, ಬ್ರೇಕಿನಿಂದ ಉದುರುವ ಪುಡಿ ಸದಾ ಹಾರುತ್ತಿರುತ್ತವೆ. ಒಣಗಿದ ಉಕ್ಕಿನ ಮೇಲೆ ಬಿದ್ದ ಪುಡಿಯಲ್ಲಿ ಬಹುಪಾಲು ಕಂಪನಕ್ಕೆ ಉದುರಿಹೋಗುತ್ತದೆ. ಎಣ್ಣೆಯ ಮೇಲೆ ಬಿದ್ದದ್ದು ಅಂಟಿ ಕೂರುತ್ತದೆ. ಎಣ್ಣೆಯೂ ಅದಿರಿನ ಪುಡಿಯೂ ಕಲೆತರೆ ಉಕ್ಕನ್ನು ಅರೆಯುವ ಪೇಸ್ಟ್ ಸಿದ್ಧ. ವರ್ಕ್‌ಶಾಪಿನಲ್ಲಿ ವಾಲ್ವ್ ಕೂರಿಸಲು ದುಡ್ಡು ಕೊಟ್ಟು ತರುವುದೂ ಇಂಥದ್ದೇ ಪೇಸ್ಟು. ಸವೆತ ತಗ್ಗಿಸಲು ಹಾಕಿದ ಎಣ್ಣೆ ಸವೆತವನ್ನು ಹೆಚ್ಚಿಸುತ್ತದೆ.

ಅದಕ್ಕೂ ದೊಡ್ಡ ಅಪಾಯ ಒಳಗಿದೆ. ಲಾಕ್ ತನ್ನ ಭಾರಕ್ಕೇ ಬೀಳಬೇಕು ಎಂದೆನಲ್ಲ? ಒಳಗೆಲ್ಲ ಮಡ್ಡಿಗಟ್ಟಿದರೆ ಅದು ಪೂರ್ತಿ ಬೀಳದೆ ಅರ್ಧಕ್ಕೆ ನಿಲ್ಲಬಹುದು. ಹೊರಗಿಂದ ನೋಡಿದವನಿಗೆ ಕೊಂಡಿ ಬಿದ್ದಂತೆಯೇ ಕಾಣುತ್ತದೆ. ಗಾಡಿ ಓಡುವಾಗ ಎಲ್ಲೋ ಒಂದು ಜರ್ಕ್‌ಗೆ ಲಾಕ್ ಮೇಲಕ್ಕೆ ಸರಿದರೆ ನಕ್ಕಲ್ ತೆರೆದು ರೇಕು ಎರಡು ತುಂಡು. ಬ್ರೇಕ್ ಪೈಪ್ ಕಿತ್ತುಬಂದು ಎರಡೂ ತುಂಡುಗಳಿಗೆ ತಂತಾನೇ ಬ್ರೇಕ್ ಬೀಳುತ್ತದೆ ಎಂಬುದು ಸಮಾಧಾನ, ಆದರೆ ಆ ಹೊತ್ತಿಗೆ ಮಾರ್ಗವೆಲ್ಲ ನಿಂತಿರುತ್ತದೆ. ಇದಕ್ಕಾಗಿಯೇ ಕೊಂಡಿ ಹಾಕಿದ ಮೇಲೆ ಲಾಕ್ ತಳಕ್ಕೆ ಇಳಿದಿದೆಯೇ ಎಂದು ಬಗ್ಗಿ ನೋಡಬೇಕು. ಮಳೆಯಾಗಲಿ, ನಡುರಾತ್ರಿಯಾಗಲಿ, ಟಾರ್ಚ್ ಹಿಡಿದು ಬಗ್ಗಲೇಬೇಕು.

ಹಾಗಾದರೆ ಒಣಗಿಯೇ ಬಿಡುವುದೇ? ತಲೆಯ ಒಳಭಾಗಕ್ಕೆ ಏನಾದರೂ ಹಾಕುವುದಿದ್ದರೆ ಅದು ಗ್ರಾಫೈಟ್, ಅದೂ ಒಣ ರೂಪದಲ್ಲಿ. ಪುಡಿಯನ್ನು ಬೇಗ ಆರುವ ದ್ರವದಲ್ಲಿ ಕಲಸಿ ಬಳಿದರೆ ದ್ರವ ಆರಿ, ತೆಳ್ಳನೆಯ ಕಪ್ಪು ಪೊರೆ ಉಳಿಯುತ್ತದೆ. ಅದರ ಮೇಲೆ ದೂಳು ಅಂಟುವುದಿಲ್ಲ. ಗ್ರಾಫೈಟ್ ಅಂದರೆ ಪೆನ್ಸಿಲ್ ಕಡ್ಡಿಯೊಳಗಿನ ಅದೇ ಇಂಗಾಲ. ಅದು ಪದರ ಪದರವಾಗಿರುತ್ತದೆ, ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಕೊಂಡಿಯಂಥ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ವೇಗವಾಗಿ ತಿರುಗುವ ಬೇರಿಂಗಿನಲ್ಲಿ ತಿರುಗಾಟವೇ ಎಣ್ಣೆಯನ್ನು ಒಳಕ್ಕೆ ಎಳೆದುಕೊಂಡು ಲೋಹಗಳನ್ನು ದೂರ ಇಡುತ್ತದೆ. ಕೊಂಡಿಯಲ್ಲಿ ತಿರುಗಾಟವೇ ಇಲ್ಲ. ಭಾರೀ ಒತ್ತಡದಲ್ಲಿ ಸಣ್ಣಸಣ್ಣ ಅಲುಗಾಟ ಮಾತ್ರ. ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ, ಗಟ್ಟಿ ಪೊರೆ ಅಲ್ಲೇ ನಿಲ್ಲುತ್ತದೆ.

ಗ್ರಾಫೈಟಿನ ಒಂದು ಗುಣ ನಮ್ಮ ಮಲೆನಾಡಿನವರಿಗೆ ಇಷ್ಟವಾದೀತು. ಅದರ ಪದರಗಳು ಜಾರಬೇಕಾದರೆ ಗಾಳಿಯಲ್ಲಿ ತೇವ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ಬಹಳ ಎತ್ತರಕ್ಕೆ ಹಾರತೊಡಗಿದಾಗ ಅಲ್ಲಿನ ಒಣ ಗಾಳಿಯಲ್ಲಿ ಜನರೇಟರಿನ ಕಾರ್ಬನ್ ಬ್ರಷ್‌ಗಳು ನೋಡನೋಡುತ್ತ ಪುಡಿಯಾದವು. ಆಗಲೇ ಈ ಗುಟ್ಟು ಎಲ್ಲರ ಗಮನಕ್ಕೆ ಬಂದದ್ದು. ಭಾಗಮಂಡಲದ ಆಷಾಢದಲ್ಲಿ ಗ್ರಾಫೈಟಿಗೆ ಅಂಥ ಕೊರತೆ ಬರಲಿಕ್ಕಿಲ್ಲ. ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಇನ್ನೊಂದು ಕಪ್ಪು ಪುಡಿಯ ಸ್ವಭಾವ ಇದಕ್ಕೆ ತಿರುಗಾಮುರುಗ, ಅದಕ್ಕೆ ಒಣ ಹವೆಯೇ ಹಿತ.

ಎಣ್ಣೆ, ಗ್ರೀಸಿಗೂ ಜಾಗವಿದೆ. ಐಸಿಎಫ್, ಅಂದರೆ ಚೆನ್ನೈಯ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಹಳೆಯ ಮಾದರಿಯ ಪ್ರಯಾಣಿಕರ ಬೋಗಿಗಳನ್ನು ನೋಡಿ. ನಡುವೆ ಕೊಕ್ಕೆ, ತಿರುಪಿ ಬಿಗಿಯುವ ಸ್ಕ್ರೂ ಕಪ್ಲಿಂಗ್, ಎರಡು ಪಕ್ಕಕ್ಕೂ ತಟ್ಟೆಯಂಥ ಬಫರ್. ಅಂಥ ಬೋಗಿ ಕಟ್ಟುವುದು ಚೆನ್ನೈಯಲ್ಲಿ 2018ಕ್ಕೆ ನಿಂತಿತು, ಆದರೂ ಓಡಾಟದಿಂದ ಕೂಡಲೇ ಮಾಯವಾಗಲಿಲ್ಲ. ಆ ತಿರುಪಿನ ಮರೆಗಳಿಗೆ ಗ್ರೀಸ್ ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಇಬ್ಬರು ಜಗ್ಗಿದರೂ ತಿರುಗುವುದಿಲ್ಲ. ಬಫರ್ ತಟ್ಟೆಗಳ ಮುಖಕ್ಕೂ ಗ್ರೀಸ್ ಬೇಕು. ತಿರುವಿನಲ್ಲಿ ಒಳಬದಿಯ ಬಫರ್‌ಗಳು ಒತ್ತಿಕೊಂಡು ಜಾರುತ್ತವೆ. ಅಲ್ಲಿ ಜಾರಿಕೆ ಇಲ್ಲದಿದ್ದರೆ ಬೋಗಿ ಸಲೀಸಾಗಿ ತಿರುಗದೆ ಚಕ್ರದ ಅಂಚು ಹಳಿಯನ್ನು ಕಡಿಯುತ್ತದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಫರಿಗೆ ಒರಗಿ ಫೋಟೋ ತೆಗೆಸಿಕೊಂಡು ಅಂಗಿಗೆ ಕಪ್ಪು ಚಂದ್ರ ಬಳಿದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯಾಗನ್ ಶ್ಯಾಂಕಿನ ಅಡಿಯಲ್ಲಿ ಬೇರೆಯೇ ಉಪಾಯ: ಬದಲಾಯಿಸಬಹುದಾದ ವೇರ್ ಪ್ಲೇಟ್ ಕೊಟ್ಟು, ಸವೆಯುವ ಪಾಲನ್ನು ಅದಕ್ಕೆ ವಹಿಸುವುದು. ಶ್ಯಾಂಕಿನ ಬೆಲೆಯ ಮುಂದೆ ಪ್ಲೇಟಿನ ಬೆಲೆ ಏನೂ ಅಲ್ಲ.

ಎಣ್ಣೆಯ ಹನಿಯೂ ತಾಗಬಾರದ ಜಾಗ ಒಂದಿದೆ, ಡ್ರಾಫ್ಟ್ ಗೇರ್. ಕೊಂಡಿಯ ಹಿಂದೆ ಕೂತು ಏಟನ್ನು ನುಂಗುವ ಸಾಧನ ಅದು. ಘರ್ಷಣೆ ಬಗೆಯದರಲ್ಲಿ ಉಕ್ಕಿನ ಬೆಣೆಗಳು ಒಂದನ್ನೊಂದು ಉಜ್ಜಿ ಏಟಿನ ಶಕ್ತಿಯನ್ನು ಶಾಖ ಮಾಡಿಬಿಡುತ್ತವೆ. ಅಲ್ಲಿ ಉಜ್ಜಾಟವೇ ಕಸುಬು. ಎಣ್ಣೆ ಹೋದರೆ ಬೆಣೆಗಳು ಸದ್ದಿಲ್ಲದೆ ಜಾರಿ, ಏಟೆಲ್ಲ ನೇರ ವ್ಯಾಗನ್ನಿನ ಚೌಕಟ್ಟಿಗೆ. ಹಳಿಯ ಮಾತೂ ಇಷ್ಟೇ. ಘಾಟಿಯ ತಿರುವಿನಲ್ಲಿ ಹೊರ ಹಳಿಯ ಒಳಮಗ್ಗುಲಿಗೆ ಗ್ರೀಸ್ ಬಳಿಯುತ್ತಾರೆ, ಅದು ಹಳಿಯ ನೆತ್ತಿಗೆ ಹತ್ತಿದರೆ ಏರಿನಲ್ಲಿ ಎಂಜಿನ್ನಿನ ಚಕ್ರ ನಿಂತಲ್ಲೇ ತಿರುಗುತ್ತದೆ, ಇಳಿಜಾರಿನಲ್ಲಿ ಬ್ರೇಕಿಗೆ ಹಿಡಿತ ಸಿಗುವುದಿಲ್ಲ.

ಎಷ್ಟೇ ಜೋಪಾನ ಮಾಡಿದರೂ ಸವೆತ ನಿಲ್ಲುವುದಿಲ್ಲ, ತಡವಾಗುತ್ತದೆ ಅಷ್ಟೇ. ಅದಕ್ಕೇ ಗೇಜ್ ಎಂಬ ಅಳತೆಯ ಸಾಧನ ಹಾಕಿ ಅಳೆಯಬೇಕು. ಗೇಜ್ ತೋರಿಸುವ ಮಿತಿ ದಾಟಿದ ನಕ್ಕಲನ್ನು ಕನಿಕರವಿಲ್ಲದೆ ಕಳಚಬೇಕು. ಇಡೀ ಕೊಂಡಿಯಲ್ಲಿ ನಕ್ಕಲನ್ನೇ ಬೇಕೆಂದು ಕೊಂಚ ದುರ್ಬಲವಾಗಿ ಮಾಡಿರುತ್ತಾರೆ. ಮುರಿಯುವುದೇ ಆದರೆ ಅದು ಮುರಿಯಲಿ, ತಲೆ ಉಳಿಯಲಿ ಎಂದು. ನಡುದಾರಿಯಲ್ಲಿ ಮುರಿದರೂ ಹೊಸದನ್ನು ಹೊತ್ತು ತಂದು ಪಿನ್ ಹಾಕಿ ಹೊರಡಬಹುದು. ಮೂವತ್ತು ಕಿಲೋ ಮೀರಿದ ಉಕ್ಕನ್ನು ಜಲ್ಲಿಯ ಮೇಲೆ ಹೊತ್ತು ನಡೆಯುವ ಸುಖ ಹೊತ್ತವರಿಗೇ ಗೊತ್ತು.

ಕೊನೆಗೆ ನಮ್ಮ ತೋಟದ ವಿಷಯ. ಕಾಫಿ ಕುಯ್ಲು ಶುರುವಾದರೆ ಟ್ರ್ಯಾಕ್ಟರಿನ ಹಿಂದೆ ಟ್ರೈಲರ್ ಬಿಡುವಿಲ್ಲದೆ ಓಡುತ್ತದೆ. ಅದರ ಕೊಂಡಿಯ ಪಿನ್ನಿಗೆ ಗ್ರೀಸ್ ಮೆತ್ತುವ ಮೊದಲು ಒಂದು ವ್ಯತ್ಯಾಸ ನೋಡಿ. ಗ್ರೀಸ್ ನಿಪ್ಪಲ್ ಇರುವ ಕೀಲಾದರೆ ಗನ್ ಹಿಡಿದು ಧಾರಾಳವಾಗಿ ತುಂಬಿ, ಹೊಸ ಗ್ರೀಸ್ ಹಳೆಯ ಕೊಳೆಯನ್ನು ಹೊರಕ್ಕೆ ದೂಡುತ್ತದೆ. ತೆರೆದ ಬಳೆ, ತೆರೆದ ಪಿನ್ನಾದರೆ ಡಿಸೆಂಬರಿನಿಂದಾಚೆ ಏಳುವ ಕೆಂದೂಳಿನಲ್ಲಿ ಗ್ರೀಸ್ ಬೇಡ. ಚಿಂದಿಬಟ್ಟೆಯಿಂದ ಒರೆಸಿ ಒಣಗಿಯೇ ಬಿಡಿ, ಇಲ್ಲವೇ ಒಣ ಗ್ರಾಫೈಟ್ ಬಳಿಯಿರಿ. ಮಳೆಗಾಲದಲ್ಲಿ ಟ್ರೈಲರ್ ಶೆಡ್ಡು ಸೇರಿದಾಗ ತುಕ್ಕು ತಡೆಯಲು ಗ್ರೀಸ್ ಹಚ್ಚಿ, ಕುಯ್ಲಿಗೆ ಹೊರಡಿಸುವ ಮುಂಚೆ ಸೀಮೆಎಣ್ಣೆಯಲ್ಲಿ ತೊಳೆದು ತೆಗೆಯಿರಿ. ಪಿನ್ನಿನ ನಡುವೆ ಸೊಂಟದಂತೆ ಸವೆದಿದ್ದರೆ ಅದನ್ನು ತಿರುಗಿಸಿ ಹಾಕಿ ಇನ್ನೊಂದು ವರ್ಷ ತಳ್ಳಬೇಡಿ, ಹೊಸದು ತನ್ನಿ. ಪಿನ್ನಿನ ಕೆಳತುದಿಯ ಕ್ಲಿಪ್ಪಿನ ಜಾಗದಲ್ಲಿ ಬೇಲಿ ತಂತಿ ಸುತ್ತಿರುವವರು ಟ್ರ್ಯಾಕ್ಟರನ್ನು ಇಳಿಜಾರಿಗೆ ಬಿಡುವ ಮೊದಲು ಕ್ಲಿಪ್ಪನ್ನೇ ಹಾಕಿಸಿ.

ನಮಸ್ಕಾರ.